ವ್ಯಾನ್ ಮನೆಗೆ ರಾತ್ರಿ ದೀಪ: ಯಾವ ಬಣ್ಣ, ಎಷ್ಟು ಬೆಳಕು, ಎಲ್ಲಿ ಕೂರಿಸೋದು?

ಗಾಲಿಮನೆ_ಮೈಸೂರು

ಫೋರ್ಸ್ ಟ್ರಾವೆಲರ್ ಒಂದನ್ನು ಕ್ಯಾಂಪರ್ ಮಾಡೋ ಕೆಲಸ ನಡೀತಿದೆ. ಒಳಗೋಡೆಯ ಪ್ಲೈವುಡ್ ಇನ್ನೂ ಮುಚ್ಚಿಲ್ಲ, ಹಾಗಾಗಿ ವೈರನ್ನು ಎಲ್ಲಿಗೆ ಬೇಕಾದರೂ ಎಳೀಬಹುದು. ಹಿಂದುಗಡೆ ಅಡ್ಡ ಮಂಚ, ಅದರ ಮೇಲೆ ಮಕ್ಕಳಿಗೆ ಅಟ್ಟದ ಹಾಸಿಗೆ, ಬಲಗಡೆ ಅಡುಗೆ ಕಟ್ಟೆ, ಬಾಗಿಲ ಹತ್ತಿರ ಪುಟ್ಟ ಟಾಯ್ಲೆಟ್. 12 ವೋಲ್ಟ್, 100 ಆಂಪ್-ಅವರ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, 1000 ವಾಟ್ ಇನ್ವರ್ಟರ್. ಮಲಗೋರಲ್ಲಿ ಇಬ್ಬರು 70 ದಾಟಿದವರು, ರಾತ್ರಿ ಎರಡು ಮೂರು ಸಲ ಎದ್ದೇಳ್ತಾರೆ.

ಕೇಳಬೇಕಿರೋದು ಇಷ್ಟು. ಮನೇಲಿ ಹಾಕೋ ಪ್ಲಗ್ಗಿನ ಜೀರೋ ಬಲ್ಬೇ ಸಾಕಾ? ಬಣ್ಣ ಯಾವುದು? ಮೇಲೆ ರೂಫಲ್ಲಿ ಕೂರಿಸೋದಾ, ಕೆಳಗಾ?

ತಂತಿ_ಬೆಸುಗೆ

ಜೀರೋ ಬಲ್ಬ್ ಬೇಡ. ತೊಂದರೆ ಬಲ್ಬಿಂದಲ್ಲ, ಅದನ್ನು ಉರಿಸೋಕೆ ರಾತ್ರಿಯಿಡೀ ಎಚ್ಚರ ಇರಬೇಕಾದ ಇನ್ವರ್ಟರಿಂದು. ಈಗಿನ ಎಲ್‌ಇಡಿ ಜೀರೋ ಬಲ್ಬ್ ಅರ್ಧ ವಾಟ್ ತಿನ್ನುತ್ತೆ. ಆದರೆ 1000 ವಾಟಿನ ಇನ್ವರ್ಟರ್ ಏನೂ ಲೋಡ್ ಇಲ್ಲದೆ ಸುಮ್ಮನೆ ಆನ್ ಇದ್ದರೂ 10-15 ವಾಟ್ ಎಳೀತಾ ಇರುತ್ತೆ. 12 ವಾಟ್ ಅಂತಲೇ ಹಿಡೀರಿ: 10 ಗಂಟೆಗೆ 120 ವಾಟ್-ಅವರ್. ನಿಮ್ಮ ಬ್ಯಾಟರಿಯಲ್ಲಿ ಇರೋದೇ ಸುಮಾರು 1280. ಅಂದರೆ ಒಂದು ಮಿಣುಕು ದೀಪಕ್ಕೆ ಹತ್ತರಲ್ಲಿ ಒಂದು ಪಾಲು ಬ್ಯಾಟರಿ ಖಾಲಿ. ಅದರ ಮೇಲೆ ಇನ್ವರ್ಟರ್ ಫ್ಯಾನ್ ಆಗಾಗ ಗುರ್ ಅನ್ನುತ್ತೆ, ಮಂಚದ ಕೆಳಗೇ ಇದ್ದರೆ ನಿದ್ದೆ ಕೆಟ್ಟ ಹಾಗೇ.

ನೇರ 12 ವೋಲ್ಟಿನಿಂದ ಉರಿಯೋ ದೀಪ ಹಾಕಿ. ಒಂದು ಜಾಗಕ್ಕೆ 10 ಮಿಲಿಆಂಪ್ ಸಾಕು. ಮೂರು ಜಾಗ, 10 ಗಂಟೆ, ಎಲ್ಲಾ ಸೇರಿ 0.3 ಆಂಪ್-ಅವರ್. ಬ್ಯಾಟರಿಗೆ ಗೊತ್ತೂ ಆಗಲ್ಲ.

ಮಲೆನಾಡ_ರಸ್ತೆ

ದೀಪ ಕೊಳ್ಳೋಕೆ ಮುಂಚೆ ಜಾಗ ಗುರುತು ಮಾಡಿಕೊಳ್ಳಿ, ಪ್ಲೈ ಮುಚ್ಚದೇ ಇರೋವಾಗಲೇ. ರೂಫ್ ಬೇಡವೇ ಬೇಡ. ಅಂಗಾತ ಮಲಗಿದವರ ಕಣ್ಣಿಗೆ ನೇರ ಬೀಳೋದು ರೂಫಿನ ದೀಪ ಮಾತ್ರ, ಅದನ್ನು ಎಷ್ಟು ಮಂಕು ಮಾಡಿದರೂ ಚುಚ್ಚುತ್ತೆ. ರಾತ್ರಿ ದೀಪದ ಬೆಳಕು ನೆಲಕ್ಕೆ ಬೀಳಬೇಕು, ದೀಪ ಮಾತ್ರ ಕಾಣಬಾರದು.

ನಿಮ್ಮ ಲೇಔಟಿಗೆ ಮೂರು ಜಾಗ. ಮಂಚದ ಚೌಕಟ್ಟಿನ ಒಳ ಅಂಚಲ್ಲಿ, ಕಾಲು ಇಳಿಬಿಡುವ ಕಡೆ, ನೆಲದಿಂದ 20-30 ಸೆಂಟಿಮೀಟರ್ ಎತ್ತರದಲ್ಲಿ ಒಂದು. ಅಡುಗೆ ಕಟ್ಟೆಯ ಬುಡದಲ್ಲಿ ಕಾಲ್ಬೆರಳು ತೂರೋ ಸಂದು ಬಿಟ್ಟಿರ್ತೀರಲ್ಲ, ಅದರ ಮೇಲಂಚಿನ ಹಿಂದೆ ಇನ್ನೊಂದು. ಟಾಯ್ಲೆಟ್ ಬಾಗಿಲಿಗೆ ಹೊಸ್ತಿಲು ಎಬ್ಬಿಸಿದ್ದರೆ ಮೂರನೇದು ಅಲ್ಲಿ. ಜನ ಎಡವೋದು ಸಪಾಟು ನೆಲದಲ್ಲಲ್ಲ, ಈ ಎರಡು ಇಂಚಿನ ಏರಿಳಿತದಲ್ಲಿ.

ಇನ್ನೊಂದು ಮಾತು. ಹೊಳೆಯೋ ಲ್ಯಾಮಿನೇಟ್ ಅಥವಾ ಗ್ಲಾಸಿ ವಿನೈಲ್ ನೆಲ ಹಾಕಿದರೆ ಸ್ಟ್ರಿಪ್ಪಿನ ಒಂದೊಂದು ಚುಕ್ಕಿಯೂ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತೆ. ಹಾಲುಬಣ್ಣದ ಮುಚ್ಚಳ ಇರೋ ಅಲ್ಯುಮಿನಿಯಂ ಚಾನೆಲ್ ಒಳಗೆ ಸ್ಟ್ರಿಪ್ ಇಡಿ.

ಗಾಲಿಮನೆ_ಮೈಸೂರು

ಬೆಂಗಳೂರಿನ ಎಸ್‌ಪಿ ರೋಡಲ್ಲಿ 12 ವೋಲ್ಟಿನ 5 ಮೀಟರ್ ಎಲ್‌ಇಡಿ ಸ್ಟ್ರಿಪ್ ರೋಲ್ ಸಿಗುತ್ತಲ್ಲ, ಅದನ್ನೇ ತುಂಡು ಮಾಡಿ ಬ್ಯಾಟರಿಗೆ ನೇರ ಕೊಟ್ಟರೆ ಆಯ್ತಾ? ವಾರ್ಮ್ ವೈಟ್ ನೋಡಿದ್ದೆ.

ತಂತಿ_ಬೆಸುಗೆ

ಕೊಡಬಹುದು, ಉರಿಯುತ್ತೆ. ಆದರೆ ಬಾಳಿಕೆ ಬರಲ್ಲ. ಯಾಕೆ ಅಂತ ಹೇಳ್ತೀನಿ, ಈ ಲೆಕ್ಕ ಗೊತ್ತಿದ್ದರೆ ಅಂಗಡೀಲಿ ಯಾರೂ ನಿಮ್ಮನ್ನು ಯಾಮಾರಿಸೋಕೆ ಆಗಲ್ಲ.

ಸ್ಟ್ರಿಪ್ ತುಂಡನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಪ್ರತಿ 5 ಸೆಂಟಿಮೀಟರಿಗೆ ಒಂದು ಕತ್ತರಿ ಗೆರೆ. ಎರಡು ಗೆರೆಗಳ ನಡುವೆ ಮೂರು ಎಲ್‌ಇಡಿ, ಪಕ್ಕದಲ್ಲಿ ಸಾಸಿವೆ ಗಾತ್ರದ ಕಪ್ಪು ರೆಸಿಸ್ಟರ್. ಅದರ ಮೇಲೆ 151 ಅಂತ ಬರೆದಿದ್ದರೆ 150 ಓಂ ಅಂತ ಅರ್ಥ. ಬಿಳಿ ಎಲ್‌ಇಡಿ ಮೂರೂ ಸೇರಿ ಸುಮಾರು 9.3 ವೋಲ್ಟ್ ತಗೊಳ್ತವೆ, ಮಿಕ್ಕಿದ್ದು ಆ ರೆಸಿಸ್ಟರ್ ತಲೆಗೆ. 12 ವೋಲ್ಟಲ್ಲಿ ಮಿಕ್ಕೋದು 2.7, ಕರೆಂಟ್ 18 ಮಿಲಿಆಂಪ್. ಆದರೆ ಗಾಡಿ ಮನೆಯಲ್ಲಿ 12 ವೋಲ್ಟ್ ಅನ್ನೋದು ಬರೀ ಹೆಸರಿಗೆ. ನಿಮ್ಮ ಎಲ್‌ಎಫ್‌ಪಿ ಸುಮ್ಮನೆ ಕೂತಾಗಲೇ 13.2-13.3, ಚಾರ್ಜ್ ಆಗೋವಾಗ 14.4. ಆಗ ರೆಸಿಸ್ಟರಿಗೆ ಬೀಳೋದು 5.1 ವೋಲ್ಟ್, ಕರೆಂಟ್ 34 ಮಿಲಿಆಂಪ್. ವೋಲ್ಟೇಜ್ ಏರಿದ್ದು ನೂರಕ್ಕೆ 20, ಕರೆಂಟ್ ಏರಿದ್ದು ಹೆಚ್ಚುಕಮ್ಮಿ ದುಪ್ಪಟ್ಟು. ಮುಟ್ಟಿದರೆ ಬೆರಳು ಸುಡುತ್ತೆ. ಮೊದಲು ಬಣ್ಣ ನೀಲಿಗೆ ತಿರುಗುತ್ತೆ, ಆಮೇಲೆ ಮೂರು ಮೂರರ ಗುಂಪಾಗಿ ಮಿಟುಕೋಕೆ ಶುರು.

ಪಿಡಬ್ಲ್ಯೂಎಂ ಡಿಮ್ಮರ್ (ದೀಪವನ್ನು ಬಹಳ ವೇಗವಾಗಿ ಹತ್ತಿಸಿ ಆರಿಸಿ ಮಂಕು ಮಾಡೋದು) ಹಾಕಿದರೆ ಸರಿಹೋಗುತ್ತೆ ಅಂತ ಅನೇಕರು ನಂಬಿದ್ದಾರೆ. ಅದು ಬಿಸಿ ಕಮ್ಮಿ ಮಾಡುತ್ತೆ ನಿಜ, ಆದರೆ ಉರಿಯೋ ಪ್ರತಿ ಕ್ಷಣದಲ್ಲೂ ಎಲ್‌ಇಡಿ ಒಳಗೆ ಹರಿಯೋದು ಅದೇ 34 ಮಿಲಿಆಂಪ್.

ರಾತ್ರಿ ದೀಪಕ್ಕೆ ಮಾತ್ರ ಸುಲಭದ ದಾರಿ ಇದೆ. ಒಂದು ಬಣ್ಣದ 2835 (ಇದು ಎಲ್‌ಇಡಿ ಗಾತ್ರದ ನಂಬರ್) ಸ್ಟ್ರಿಪ್ಪಿನ 10 ಸೆಂಟಿಮೀಟರ್ ತುಂಡು, ಅಂದರೆ ಎರಡು ಕಟ್. ಅದರ ಪಾಸಿಟಿವ್ ವೈರಿಗೆ ಸರಣಿಯಲ್ಲಿ 470 ಓಂ, ಅರ್ಧ ವಾಟಿನ ರೆಸಿಸ್ಟರ್ ಒಂದು (ಹಳದಿ, ನೇರಳೆ, ಕಂದು ಪಟ್ಟಿ). ಈಗ 13.3 ವೋಲ್ಟಲ್ಲಿ ಒಟ್ಟು ಕರೆಂಟ್ ಸುಮಾರು 9 ಮಿಲಿಆಂಪ್, 14.4ಕ್ಕೆ ಏರಿದರೂ 11. ಬೆಳಕು ಏನಿದ್ದರೂ 5-6 ಲ್ಯೂಮೆನ್. ಮಂಚದ ಕೆಳಗೆ ಇಷ್ಟು ಸಾಕು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಇದೂ ಜಾಸ್ತಿ ಅನ್ನಿಸಬಹುದು. ಹಾಗನ್ನಿಸಿದರೆ 1 ಕಿಲೋಓಂ ಹಾಕಿ. ಒಂದು 1ಎನ್4007 ಡಯೋಡನ್ನೂ ಸರಣಿಗೆ ಸೇರಿಸಿದರೆ ಪ್ಲಸ್-ಮೈನಸ್ ಅದಲು ಬದಲಾದರೂ ಏನೂ ಸುಡಲ್ಲ.

ಅದೇ ಸ್ಟ್ರಿಪ್ಪನ್ನು ಓದೋ ಬೆಳಕಿಗೂ ಬಳಸ್ತೀರಿ ಅಂದರೆ ರೆಸಿಸ್ಟರ್ ಆಗಲ್ಲ, ವೋಲ್ಟೇಜ್ ಇಳಿಸಿ ಒಂದೇ ಮಟ್ಟದಲ್ಲಿ ಇಡೋ ಬಕ್ ಕನ್ವರ್ಟರ್ ಬೇಕು. ಅದನ್ನು 12 ವೋಲ್ಟಿಗೆ ಸೆಟ್ ಮಾಡಬೇಡಿ. ಎಲ್‌ಎಂ2596 ಅನ್ನೋ ಬಕ್ ಮಾಡ್ಯೂಲಿಗೆ ಒಳಬರೋ ವೋಲ್ಟೇಜ್ ಹೊರಗಿನದಕ್ಕಿಂತ ಒಂದೂವರೆ ವೋಲ್ಟಾದರೂ ಮೇಲಿರಬೇಕು. ಬ್ಯಾಟರಿ 12.8ಕ್ಕೆ ಇಳಿದಾಗ ಅದು ಹಿಡಿತ ಕಳ್ಕೊಳ್ಳುತ್ತೆ. 11ಕ್ಕೆ ಸೆಟ್ ಮಾಡಿ.

ಹೊಸಕೋಟೆ_ನಕ್ಷತ್ರ

ವಾರ್ಮ್ ವೈಟ್ ತಗೊಳ್ಳೋ ಮೊದಲು ಬಣ್ಣದ ವಿಷಯ ಸ್ವಲ್ಪ ಯೋಚಿಸಿ. 2700 ಕೆಲ್ವಿನ್ ಅಂತ ಬರೆದಿದ್ದರೂ ಬಿಳಿ ಎಲ್‌ಇಡಿಯ ಒಳಗಿರೋದು ನೀಲಿ ಚಿಪ್ಪೇ, ಮೇಲೆ ಹಳದಿ ಫಾಸ್ಫರ್ ಲೇಪನ. ಆ ನೀಲಿಯಲ್ಲಿ ಒಂದಷ್ಟು ಸೋರಿ ಹೊರಗೆ ಬರುತ್ತೆ. ನಮ್ಮ ದೇಹಕ್ಕೆ ಹಗಲು ಅಂತ ಸುಳಿವು ಕೊಡೋ ಕಣ್ಣಿನ ಕೋಶಗಳು ಹೆಚ್ಚು ಸ್ಪಂದಿಸೋದು 480 ನ್ಯಾನೋಮೀಟರ್ ಸುತ್ತಮುತ್ತ. ಕತ್ತಲಲ್ಲಿ ನೋಡೋ ಕೋಶಗಳು ಪೂರ್ತಿ ಸಜ್ಜಾಗೋಕೆ 20-30 ನಿಮಿಷ ಬೇಕು, ಒಂದು ಬಿಳಿ ಮಿಂಚಿಗೆ ಅಷ್ಟೂ ಹಾಳು. ಅವಕ್ಕೆ 620 ನ್ಯಾನೋಮೀಟರಿಗಿಂತ ಆಚೆಯ ಕೆಂಪು ಕಾಣೋದು ಬಹಳ ಕಮ್ಮಿ. ಆದ್ದರಿಂದ ನನ್ನ ಓಟು ಕೆಂಪಿಗೆ.

ಲಡಾಖ್ ಕಡೆ ಹೋಗೋ ಆಸೆ ಇದ್ದರಂತೂ ಕೆಂಪೇ ಆಗಬೇಕು. ಹಾನ್ಲೆ ಸುತ್ತಮುತ್ತ 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್ ಘೋಷಣೆ ಆಯ್ತು. ಅಲ್ಲಿನ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸಿನದು, ನಮ್ಮ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದಲ್ಲಿ ಅದನ್ನು ನಡೆಸ್ತಾರೆ. ಅಂಥ ಕಡೆ ನಿಮ್ಮ ಗಾಡಿ ಕಿಟಕಿಯಿಂದ ಬಿಳಿ ಬೆಳಕು ಹೊರಗೆ ಚೆಲ್ಲಿದರೆ ಪಕ್ಕದಲ್ಲಿ ಕ್ಯಾಮೆರಾ ಇಟ್ಟು ಕೂತವರ ರಾತ್ರಿಯೇ ಹೋಯ್ತು.

ಹಿರಿಯರ_ಆರೈಕೆ

ಕೆಂಪಿನ ಬಗ್ಗೆ ನನಗೆ ಗಟ್ಟಿ ತಕರಾರಿದೆ. ನಕ್ಷತ್ರ ನೋಡೋರಿಗೆ ಸರಿ, 70 ದಾಟಿದವರಿಗಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತೆ, ಪಾಪೆ ಕಿರಿದಾಗುತ್ತೆ. 60ರ ಹೊತ್ತಿಗೆ ಅಕ್ಷಿಪಟಲ ಮುಟ್ಟೋ ಬೆಳಕು 20ರ ವಯಸ್ಸಿನಲ್ಲಿ ಇದ್ದದ್ದರ ಸುಮಾರು ಮೂರನೇ ಒಂದು ಭಾಗ. ಅದರ ಮೇಲೆ ಮಂಕಾದ ಕೆಂಪು ಹಾಕಿದರೆ ಮೆಟ್ಟಿಲ ಅಂಚು ಎಲ್ಲಿದೆ ಅಂತಲೇ ತಿಳಿಯಲ್ಲ. ಕೆಂಪು ಬೆಳಕಲ್ಲಿ ಬಿಳಿಯೂ ಕೆಂಪೂ ಒಂದೇ ಥರ ಕಾಣುತ್ತೆ. ಹೊಸ್ತಿಲಿಗೆ ಎಚ್ಚರಿಕೆಗೆ ಅಂತ ಅಂಟಿಸಿದ ಕೆಂಪು ಟೇಪು ಮಾಯ, ಮಾತ್ರೆ ಪಟ್ಟಿಯ ಮೇಲಿನ ಕೆಂಪು ಅಕ್ಷರ ಮಾಯ, ನೀಲಿ ಮಾತ್ರೆ ಕಪ್ಪು. ರಾತ್ರಿ ಎದ್ದು ಮಾತ್ರೆ ನುಂಗೋರಿದ್ದರೆ ಇದು ಅಪಾಯ.

ಅಂಬರ್ ಹಾಕಿ, 590 ನ್ಯಾನೋಮೀಟರಿನದು. ನೀಲಿಯ ಸುಳಿವೇ ಇರಲ್ಲ, ಅಂಚು ಸ್ಪಷ್ಟ ಕಾಣುತ್ತೆ. ಹೊಸ್ತಿಲ ಅಂಚಿಗೆ ಬಿಳಿ ಅಥವಾ ತಿಳಿ ಹಳದಿ ಟೇಪ್, ಕೆಳಗಿನ ನೆಲ ಗಾಢ ಬಣ್ಣ. ಬೆಳಕು ಹೆಚ್ಚಿಸೋದಕ್ಕಿಂತ ಈ ಬಣ್ಣದ ವ್ಯತ್ಯಾಸ ಹೆಚ್ಚು ಕೆಲಸ ಮಾಡುತ್ತೆ.

ತಂತಿ_ಬೆಸುಗೆ

ಅಂಬರಿನಲ್ಲಿ ಇನ್ನೊಂದು ಲಾಭ. ಆ ಚಿಪ್ ತಲಾ 2 ವೋಲ್ಟ್ ಮಾತ್ರ ತಗೊಳ್ಳುತ್ತೆ, ಮೂರಕ್ಕೆ 6. ಮಿಕ್ಕಿದ್ದಕ್ಕೆ ಸ್ಟ್ರಿಪ್ಪಲ್ಲೇ ದೊಡ್ಡ ರೆಸಿಸ್ಟರ್, 300 ಓಂ ಆಸುಪಾಸು ಇರುತ್ತೆ. 14.4ಕ್ಕೆ ಏರಿದರೂ ಕರೆಂಟ್ 20ರಿಂದ 28 ಮಿಲಿಆಂಪಿಗೆ ಹೋಗುತ್ತೆ ಅಷ್ಟೆ, ಬಿಳಿಯ ಹಾಗೆ ದುಪ್ಪಟ್ಟಾಗಲ್ಲ. ಅಂಬರಿಗೆ ಸರಣಿ ರೆಸಿಸ್ಟರ್ 470ರ ಬದಲು 680 ಓಂ ಹಾಕಿದರೆ ಮೇಲೆ ಹೇಳಿದ ಕರೆಂಟಿನ ಹತ್ತಿರಕ್ಕೇ ಬರುತ್ತೆ.

ಕೊಳ್ಳೋವಾಗ ಒಂದು ಪರೀಕ್ಷೆ: ದೀಪ ಆರಿದಾಗ ಎಲ್‌ಇಡಿ ಮೇಲೆ ದಪ್ಪ ಕಿತ್ತಳೆ ಲೇಪನ ಕಂಡರೆ ಅದು ನೀಲಿ ಚಿಪ್ಪಿನ ಮೇಲೆ ಫಾಸ್ಫರ್ ಹಾಕಿದ ಅಂಬರ್. ಆ ಜಾತಿಗೆ ಬಿಳಿಯ ಲೆಕ್ಕವೇ ಅನ್ವಯ.

ಹೊಸಕೋಟೆ_ನಕ್ಷತ್ರ

ಹಿರಿಯರ ವಿಷಯ ಒಪ್ಪಿದೆ, ಮಾತ್ರೆ ಬಣ್ಣದ್ದು ನನಗೆ ಹೊಳೆದಿರಲಿಲ್ಲ. ಹಾಗಾದರೆ ನೆಲಕ್ಕೆ ಅಂಬರ್, ಡ್ರೈವರ್ ಸೀಟಿನ ಹಿಂದೆ ಬೇರೆ ಸ್ವಿಚ್ಚಲ್ಲಿ ಒಂದೇ ಒಂದು ಕೆಂಪು. ಆಕಾಶ ನೋಡೋ ರಾತ್ರಿ ಮಾತ್ರ ಅದು ಆನ್.

ಬಸ್‌ಬಾಡಿ_ಹುಬ್ಬಳ್ಳಿ

ಈ ಚರ್ಚೆ ಓದಿ ಯಾರಾದರೂ ದೊಡ್ಡ ಬಸ್ ಚಾಸಿಯಲ್ಲಿ ಇದೇ ಕೆಲಸ ಮಾಡೋಕೆ ಹೊರಟರೆ ಎಚ್ಚರ, ಅಲ್ಲಿ 24 ವೋಲ್ಟ್. ಎರಡು ಬ್ಯಾಟರಿ ಸರಣಿಯಲ್ಲಿ ಇರ್ತವೆ. ನಡುವಿನ ಜೋಡಣೆಯಿಂದ 12 ವೋಲ್ಟ್ ಕದ್ದು ದೀಪಕ್ಕೆ ಕೊಡೋದು ಬಾಡಿ ಕಟ್ಟೋ ಕಡೆ ಮಾಮೂಲಿ. ಹಾಗೆ ಮಾಡಿದರೆ ಒಂದೇ ಬ್ಯಾಟರಿ ದಿನಾ ಖಾಲಿಯಾಗುತ್ತೆ. ಚಾರ್ಜರ್ ಎರಡನ್ನೂ ಒಟ್ಟಿಗೇ ತುಂಬುತ್ತೆ, ಹಾಗಾಗಿ ತುಂಬಿರೋದು ಅತಿ ಚಾರ್ಜ್ ಆಗಿ ನೀರು ಕುದಿಸುತ್ತೆ, ಖಾಲಿಯಾದದ್ದು ಯಾವತ್ತೂ ಪೂರ್ತಿ ತುಂಬಲ್ಲ. ಕೆಲವೇ ತಿಂಗಳಲ್ಲಿ ಎರಡೂ ಹೋಗ್ತವೆ. ಒಂದೇ ಅಳತೆಯ ಎರಡು ಸ್ಟ್ರಿಪ್ ತುಂಡನ್ನು ಸರಣಿಯಲ್ಲಿ ಹಾಕಿ, ಇಲ್ಲ ಸರಿಯಾದ 24ರಿಂದ 12 ಕನ್ವರ್ಟರ್ ಇಡಿ. ಎಂಪಿ1584 ಅನ್ನೋ ಪುಟ್ಟ ಮಾಡ್ಯೂಲ್ ಮಾತ್ರ ಬೇಡ, ಅದರ ಮಿತಿ 28 ವೋಲ್ಟ್, ನಿಮ್ಮ ಚಾರ್ಜಿಂಗ್ 28.8ಕ್ಕೆ ಹೋಗುತ್ತೆ.

ಅರಿಜೋನಾ_ಕನ್ನಡಿಗ

ಅಮೆರಿಕದಲ್ಲಿ ಆರ್‌ವಿ (ಅಲ್ಲಿನ ಗಾಡಿ ಮನೆ) ಬಾಡಿಗೆಗೆ ತಗೊಂಡು ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೋಗೋರಿಗೆ ಎರಡು ಮಾತು. ಗೋಡೆಯ 120 ವೋಲ್ಟ್ ಪ್ಲಗ್ಗಿಗೆ ಸಿಕ್ಕಿಸೋ ರಾತ್ರಿ ದೀಪ ತಗೊಂಡು ಹೋಗಬೇಡಿ. ಇನ್ವರ್ಟರ್ ಇಲ್ಲದ ಗಾಡಿಯಲ್ಲಿ ಆ ಪ್ಲಗ್ಗಿಗೆ ಕರೆಂಟ್ ಬರೋದು ಕ್ಯಾಂಪ್‌ಗ್ರೌಂಡಿನ ಹುಕ್‌ಅಪ್ (ಹೊರಗಿನ ಕರೆಂಟ್ ಜೋಡಣೆ) ಸಿಕ್ಕಾಗ, ಇಲ್ಲ ಜನರೇಟರ್ ಓಡುವಾಗ. ರಾತ್ರಿ ಹೊತ್ತು ಎರಡೂ ಇರದೇ ಹೋಗಬಹುದು. ಹಳೇ ಗಾಡಿಯ ರೂಫ್ ದೀಪದಲ್ಲಿ 921 ನಂಬರಿನ ತಂತಿ ಬಲ್ಬ್ ಇದ್ದರೆ ಅದೊಂದೇ 1.4 ಆಂಪ್ ಎಳೆಯುತ್ತೆ, 10 ಗಂಟೆಗೆ 14 ಆಂಪ್-ಅವರ್. ಅದನ್ನು ರಾತ್ರಿ ದೀಪ ಮಾಡಿಕೊಂಡರೆ ಬೆಳಗ್ಗೆ ನೀರಿನ ಪಂಪ್ ಸೊರಗಿರುತ್ತೆ. ಬೆಳಕು ಬಿದ್ದಾಗ ತಾನೇ ಆರೋ ಬ್ಯಾಟರಿ ದೀಪ ಎರಡು ಸೂಟ್‌ಕೇಸಲ್ಲಿ ಇಟ್ಟುಕೊಳ್ಳಿ.

ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಂಚದ ಹತ್ತಿರವೇ ಇರುತ್ತೆ, ಅದರ ಹಸಿರು ಚುಕ್ಕಿ ಕಣ್ಣಿಗೆ ಕಿರಿಕಿರಿ. ಟೇಪ್ ಅಂಟಿಸೋ ಮನಸ್ಸಾದರೂ ಅಂಟಿಸಬೇಡಿ. ಅದು ಬದುಕಿದೆ ಅಂತ ಹೇಳೋದೇ ಆ ಚುಕ್ಕಿ, ಟೇಪಿನ ಜೊತೆ ಗಾಳಿ ಹೋಗೋ ಕಿಂಡಿಯೂ ಮುಚ್ಚಿಹೋಗುತ್ತೆ. ತಲೆದಿಂಬು ಇನ್ನೊಂದು ಕಡೆಗೆ ಹಾಕಿ.

ಮಲೆನಾಡ_ರಸ್ತೆ

ಟೇಪ್ ಅಂಟಿಸಲೇಬೇಕಾದ್ದು ಒಂದಿದೆ: ವೋಲ್ಟ್‌ಮೀಟರ್ ಇರೋ ಯುಎಸ್‌ಬಿ ಸಾಕೆಟ್. ಅದರ ನೀಲಿ ಅಂಕಿ ರಾತ್ರಿ ದೀಪಕ್ಕಿಂತ ಜೋರಾಗಿ ಉರಿಯುತ್ತೆ, ಬಿಟ್ಟರೆ ರಾತ್ರಿಯಿಡೀ 10-20 ಮಿಲಿಆಂಪ್ ತಿನ್ನುತ್ತೆ. ಸ್ವಿಚ್ ಇರೋದನ್ನೇ ಕೊಳ್ಳಿ.

ಹುಳದ ವಿಷಯ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಸಕಲೇಶಪುರದ ಕಡೆ ಗಾಡಿ ನಿಲ್ಲಿಸಿ ಬಿಳಿ ದೀಪ ಹಾಕಿದರೆ ಹತ್ತು ನಿಮಿಷದಲ್ಲಿ ಮಳೆಹುಳದ ರೆಕ್ಕೆ ನೆಲದ ತುಂಬ. ಅಂಬರಿಗೆ ಬಹಳ ಕಮ್ಮಿ ಬರ್ತವೆ, ಬರೋದೇ ಇಲ್ಲ ಅಂತಲ್ಲ. ಸೊಳ್ಳೆಗೆ ಮಾತ್ರ ದೀಪದ ಬಣ್ಣ ಲೆಕ್ಕಕ್ಕಿಲ್ಲ, ಅದು ನಮ್ಮ ಉಸಿರು ಮತ್ತು ಮೈವಾಸನೆ ಹಿಡಿದು ಬರೋದು. ಪರದೆ ಬೇಕೇ ಬೇಕು.

ಬಾಗಿಲ ಹೊರಗೆ ಮೆಟ್ಟಿಲಿಗೂ ದೀಪ ಹಾಕೋದಾದರೆ ಗಾಡಿ ಓಡೋವಾಗ ಅದು ತಾನಾಗೇ ಆರಬೇಕು. ಐದು ಪಿನ್ನಿನ ರಿಲೇ (ಕರೆಂಟಿಂದ ನಡೆಯೋ ಸ್ವಿಚ್) ತಗೊಂಡು 85 ಮತ್ತು 86 ನಂಬರಿನ ಪಿನ್ನಲ್ಲಿ ಒಂದಕ್ಕೆ ಇಗ್ನಿಷನ್, ಇನ್ನೊಂದಕ್ಕೆ ಅರ್ತ್ ಕೊಡಿ, ದೀಪದ ವೈರನ್ನು 30 ಮತ್ತು 87ಎ ಮೂಲಕ ಹಾಯಿಸಿ. ಕೀ ತಿರುಗಿಸಿದ ಕೂಡಲೇ ದೀಪ ಕಟ್.

ಗಾಲಿಮನೆ_ಮೈಸೂರು

ಚಲನೆ ನೋಡಿ ತಾನೇ ಹತ್ತೋ ಸೆನ್ಸರ್ ಹಾಕಿದರೆ ಹೇಗೆ? ಅಟ್ಟದಿಂದ ಮಕ್ಕಳು ಇಳಿಯೋವಾಗ ಉಪಯೋಗಕ್ಕೆ ಬರುತ್ತೆ ಅನ್ನಿಸ್ತು.

ತಂತಿ_ಬೆಸುಗೆ

ಏಣಿ ಬುಡಕ್ಕೆ ಹಾಕಿ, ಮಂಚಕ್ಕೆ ಬೇಡ. ಮಲಗಿದವರು ಮಗ್ಗುಲು ಬದಲಿಸಿದಾಗೆಲ್ಲ ಹತ್ತುತ್ತೆ.

ಸೆನ್ಸರ್ ಪಿಐಆರ್ (ಮೈ ಶಾಖದಿಂದ ಚಲನೆ ಗುರುತಿಸೋದು) ಇರಲಿ, ಎಚ್‌ಸಿ-ಎಸ್‌ಆರ್501 ಮಾಡ್ಯೂಲ್ ಸಾಕು. 4.5ರಿಂದ 20 ವೋಲ್ಟ್ ತಡೆಯುತ್ತೆ, ಸುಮ್ಮನಿದ್ದಾಗ 65 ಮೈಕ್ರೋಆಂಪಿಗಿಂತ ಕಮ್ಮಿ. ಆದರೆ ಅದರ ಔಟ್‌ಪುಟ್ ಬರೀ 3.3 ವೋಲ್ಟಿನ ಸಿಗ್ನಲ್, ಸ್ಟ್ರಿಪ್ಪನ್ನು ನೇರ ಉರಿಸೋ ತಾಕತ್ತಿಲ್ಲ. ನಡುವೆ ಬಿ.ಸಿ.547 ಟ್ರಾನ್ಸಿಸ್ಟರ್, ಅದರ ಬೇಸಿಗೆ 4.7 ಕಿಲೋಓಂ. ನಮ್ಮ 10 ಮಿಲಿಆಂಪಿಗೆ ಧಾರಾಳ ಸಾಕು. ಪವರ್ ಕೊಟ್ಟ ಮೇಲೆ ಮೊದಲ ಒಂದು ನಿಮಿಷ ತನ್ನಿಷ್ಟಕ್ಕೆ ಹತ್ತಿ ಆರುತ್ತೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಸಮಯದ ತಿರುಪನ್ನು 30 ಸೆಕೆಂಡಿಗೆ ಇಡಿ.

ಮೈಕ್ರೋವೇವ್ ಸೆನ್ಸರ್ ಬೇಡ. ಅದು ಪ್ಲೈವುಡ್, ಫೈಬರ್, ಗಾಜು ಎಲ್ಲದರ ಆಚೆಗೂ ನೋಡುತ್ತೆ. ಕಿಟಕಿ ಹೊರಗೆ ನಾಯಿ ಹೋದರೂ ಒಳಗೆ ದೀಪ. ಪಿಐಆರ್‌ಗೆ ಇನ್ನೊಂದು ದೌರ್ಬಲ್ಯ: ಅದು ಗುರುತಿಸೋದು ಮೈ ಶಾಖ ಮತ್ತು ಸುತ್ತಲಿನ ಶಾಖದ ವ್ಯತ್ಯಾಸವನ್ನು. ಏಪ್ರಿಲ್ ರಾತ್ರಿ ಒಳಗೆ 34-35 ಡಿಗ್ರಿ ಇದ್ದಾಗ ಅದಕ್ಕೆ ಮನುಷ್ಯರೇ ಸರಿಯಾಗಿ ಕಾಣಲ್ಲ. ಹಾಗಾಗಿ ಸೆನ್ಸರ್ ಜೊತೆಗೆ ಕೈ ಸ್ವಿಚ್ಚೂ ಇರಲೇಬೇಕು.

ಹಿರಿಯರ_ಆರೈಕೆ

ಹಿರಿಯರು ನಡೆಯೋ ದಾರಿಯ ದೀಪ ರಾತ್ರಿಯಿಡೀ ಉರಿಯಲಿ, ಸೆನ್ಸರ್ ಬೇಡ. ಎದ್ದು ಕೂತು ಕಾಲು ಕೆಳಗಿಡೋ ಮೊದಲೇ ನೆಲ ಕಾಣಬೇಕು.

ರಾಯಚೂರು_ಬಿಸಿಲು

ಅಂಟಿಸೋ ಕೆಲಸದ ಬಗ್ಗೆ ಯಾರೂ ಹೇಳಿಲ್ಲ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ವ್ಯಾನಿನೊಳಗೆ 60 ಡಿಗ್ರಿ ಮುಟ್ಟುತ್ತೆ. ಸ್ಟ್ರಿಪ್ಪಿನ ಹಿಂದಿನ ಅಂಟು ಒಂದೇ ಬೇಸಿಗೆಗೆ ಜಾರಿ ನೇತಾಡುತ್ತೆ. ಚಾನೆಲ್ಲನ್ನು ಸ್ಕ್ರೂ ಹಾಕಿ ಕೂರಿಸಿ. ಮ್ಯಾಗ್ನೆಟ್ಟಿನ ರೀಚಾರ್ಜ್ ದೀಪಗಳಿಗೂ ಇದೇ ಗತಿ, ಒಳಗಿನ ಲಿಥಿಯಂ ಸೆಲ್ ಆ ಶಾಖಕ್ಕೆ ಊದಿಕೊಳ್ಳುತ್ತೆ. ಅಂಥದ್ದು ಬೇಕೇ ಬೇಕಿದ್ದರೆ ಹಗಲು ನೆರಳಿನ ಡ್ರಾಯರಿನಲ್ಲಿ ಇಡಿ. ಎರಡೂ ತುದಿ ಟೈಪ್-ಸಿ ಇರೋ ಕೇಬಲ್ಲಿಗೆ ಅಗ್ಗದ ದೀಪ ಚಾರ್ಜ್ ಆಗದಿದ್ದರೆ ದೀಪ ಹಾಳಾಗಿದೆ ಅಂತ ಎಸೆಯಬೇಡಿ. ಅದರೊಳಗೆ 5.1 ಕಿಲೋಓಂನ ಎರಡು ರೆಸಿಸ್ಟರ್ ಹಾಕದೇ ಬಿಟ್ಟಿರ್ತಾರೆ. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರೋ ಕೇಬಲ್ ಹಾಕಿ, ಆಗುತ್ತೆ.

ಟಾಯ್ಲೆಟ್ ಒಳಗೆ ಸಿಲಿಕಾನ್ ತೊಗಟೆಯ, ನೀರು ಒಳಹೋಗದ ಐಪಿ67 ಸ್ಟ್ರಿಪ್. ತುದಿ ಮುಚ್ಚೋಕೆ ವಿನೆಗರ್ ವಾಸನೆ ಬರೋ ಸಿಲಿಕಾನ್ ಬಳಸಬೇಡಿ, ಆ ಆಮ್ಲ ತಾಮ್ರವನ್ನು ಹಸಿರುಗಟ್ಟಿಸುತ್ತೆ. ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಇರೋದು ಕೇಳಿ.

ತಂತಿ_ಬೆಸುಗೆ

ವೈರ್ 0.5 ಚದರ ಮಿಲಿಮೀಟರ್, ಬಹುಎಳೆಯದು. ಬ್ಯಾಟರಿ ಕಡೆಯ ಫ್ಯೂಸ್ ಬಾಕ್ಸಲ್ಲಿ ರಾತ್ರಿ ದೀಪಕ್ಕೇ ಬೇರೆ ಬ್ಲೇಡ್ ಫ್ಯೂಸ್, 1 ಅಥವಾ 2 ಆಂಪ್. 10 ಮಿಲಿಆಂಪಿನ ದೀಪಕ್ಕೆ ಫ್ಯೂಸ್ ಯಾಕೆ ಅಂತ ಕೇಳ್ತಾರೆ. ಫ್ಯೂಸ್ ಇರೋದು ದೀಪಕ್ಕಲ್ಲ, ವೈರಿಗೆ. ಬಾಡಿಯ ತಗಡಿನ ಅಂಚಿಗೆ ಉಜ್ಜಿ ಇನ್ಸುಲೇಷನ್ ಹರಿದರೆ ಎಲ್‌ಎಫ್‌ಪಿ ನೂರಾರು ಆಂಪ್ ತಳ್ಳುತ್ತೆ. ತಗಡಿನ ಪ್ರತಿ ತೂತಿಗೂ ರಬ್ಬರ್ ಗ್ರೊಮೆಟ್ ಹಾಕಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಘಾಟಿ ರಸ್ತೆಯ ನಡುಗಾಟಕ್ಕೆ ಬಿಚ್ಚಿಕೊಳ್ಳುತ್ತೆ. ಕ್ರಿಂಪ್ ಮಾಡಿ, ಹೀಟ್‌ಶ್ರಿಂಕ್ ಹಾಕಿ, ಎರಡೂ ಕಡೆ ಒಂದಿಂಚಿನೊಳಗೆ ಕ್ಲಿಪ್ ಹೊಡೀರಿ.

ಗಾಲಿಮನೆ_ಮೈಸೂರು

ಸ್ವಿಚ್ ಮಂಚದ ಹತ್ತಿರವೂ ಬೇಕು, ಬಾಗಿಲ ಹತ್ತಿರವೂ ಬೇಕು. ಪ್ಲೈ ಭಾನುವಾರ ಮುಚ್ಚೋದು.

ತಂತಿ_ಬೆಸುಗೆ

ಮನೆಯ ಮೆಟ್ಟಿಲಿಗೆ ಹಾಕೋ ಟೂ-ವೇ ವೈರಿಂಗೇ. ಮೂರು ಕಾಲಿನ ಎರಡು ಟಾಗಲ್ ಸ್ವಿಚ್, ನಡುವೆ ಎರಡು ವೈರ್. ಫ್ಯೂಸಿಂದ ಬರೋದು ಮೊದಲ ಸ್ವಿಚ್ಚಿನ ನಡುಗಾಲಿಗೆ, ಎರಡನೇದರ ನಡುಗಾಲಿಂದ ದೀಪಕ್ಕೆ.

ಮಲೆನಾಡ_ರಸ್ತೆ

ಶನಿವಾರ ರಾತ್ರಿಯೇ ಎಲ್ಲಾ ದೀಪವನ್ನೂ ಬರೀ ಮಾಸ್ಕಿಂಗ್ ಟೇಪಲ್ಲಿ ನಿಲ್ಲಿಸಿ ಉರಿಸಿ ನೋಡಿ. ಪರದೆ ಎಳೆದು 20 ನಿಮಿಷ ಕತ್ತಲಲ್ಲಿ ಕೂರಿ, ಆಮೇಲೆ ಒಂದೊಂದು ಹಾಸಿಗೆಯ ಮೇಲೂ ಅಂಗಾತ, ಎಡಮಗ್ಗುಲು, ಬಲಮಗ್ಗುಲು ಮಲಗಿ. ಎಲ್ಲಿಂದಲಾದರೂ ಬರಿ ಚುಕ್ಕಿ ಕಣ್ಣಿಗೆ ಬಿದ್ದರೆ ಚಾನೆಲ್ಲನ್ನು ಒಂದೆರಡು ಸೆಂಟಿಮೀಟರ್ ಒಳಕ್ಕೆ ಸರಿಸಿ ಮತ್ತೆ ನೋಡಿ. ಅಟ್ಟದ ಹಾಸಿಗೆಯಿಂದ ಇಣುಕೋದನ್ನು ಮರೀಬೇಡಿ. ಮಕ್ಕಳು ಕೆಳಗೆ ನೋಡೋ ಕೋನ ದೊಡ್ಡವರದ್ದಲ್ಲ, ಕಟ್ಟೆ ಬುಡದ ದೀಪ ಅಲ್ಲಿಂದ ನೇರ ಕಾಣೋ ಸಾಧ್ಯತೆ ಹೆಚ್ಚು. ಸ್ಕ್ರೂ ತೂತು ಅದಾದ ಮೇಲೆ.